ಸಂತೆ ದಿನದ ಮಾತ್ರೆ

ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ರೊಟ್ಟಿ ತಟ್ಟುವ ಸದ್ದಿಗೆ. ರಾತ್ರಿ ಉಳಿದ ಅನ್ನವನ್ನು ಅಕ್ಕಿ ಹಿಟ್ಟಿನ ಜೊತೆ ಚೆನ್ನಾಗಿ ನಾದಿ, ಉಂಡೆ ಕಟ್ಟಿ, ಅವ್ವ ಬಾಳೆ ಎಲೆಯ ಮೇಲೆ ತಟ್ಟುತ್ತಿದ್ದಳು. ಆ ಸದ್ದು ಕೇಳಿದರೆ ಏಳುವ ಹೊತ್ತಾಯಿತು ಅಂತ ನಮಗೆ ಗೊತ್ತಾಗುತ್ತಿತ್ತು.

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಆ ಸದ್ದು ನಿಂತುಹೋಯಿತು. ಬೆಳಗ್ಗೆ ಎದ್ದರೆ ಅವ್ವನ ಬೆರಳು ಮಡಚುತ್ತಿರಲಿಲ್ಲ. ಎರಡೂ ಕೈಯ ಗೆಣ್ಣುಗಳು ಊದಿಕೊಂಡಿರುತ್ತಿದ್ದವು. ಬಿಸಿನೀರಿನಲ್ಲಿ ಕೈ ಅದ್ದಿ ಕೂತರೆ ಒಂಬತ್ತು ಗಂಟೆ ಹೊತ್ತಿಗೆ ಸ್ವಲ್ಪ ಸಡಿಲ. ಸೋಮವಾರಪೇಟೆ ಕಡೆಯ ಮಳೆ ಗೊತ್ತಲ್ಲ, ಒಮ್ಮೆ ಹಿಡಿದುಕೊಂಡರೆ ಬಟ್ಟೆ ಒಣಗಿಸಲೂ ಒಲೆಯ ಮೇಲೆ ಹಗ್ಗ ಕಟ್ಟಬೇಕು. ಹಾಗಾಗಿ ಎಲ್ಲರೂ ಶೀತ ಅಂದರು. ವಾಯು ಅಂದರು. ನಾವೂ ಎಣ್ಣೆ ಹಚ್ಚಿ ನೀವುತ್ತಾ ಆರು ತಿಂಗಳು ಕಳೆದೆವು. ಆ ಆರು ತಿಂಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಈ ಕಾಯಿಲೆಯಲ್ಲಿ ಮೊದಲ ತಿಂಗಳುಗಳಲ್ಲೇ ಚಿಕಿತ್ಸೆ ಶುರುವಾದರೆ ಕೀಲು ಉಳಿಯುತ್ತದೆ. ತಡವಾದಷ್ಟೂ ಸವೆಯುತ್ತದೆ. ಬೆಳಗಿನ ಬಿಗಿತ ಒಂದು ಗಂಟೆಗೂ ಜಾಸ್ತಿ ಇದ್ದರೆ, ಎರಡೂ ಕೈಯಲ್ಲಿ ಒಂದೇ ಥರ ಊತವಿದ್ದರೆ, ಅದನ್ನು ಶೀತ ಅಂತ ಬಿಡಬೇಡಿ. ಬೇಗ ಡಾಕ್ಟರಿಗೆ ತೋರಿಸಿ.

ಕೊನೆಗೆ ಮೈಸೂರಿನಲ್ಲಿ ಒಬ್ಬ ಡಾಕ್ಟರು ಹೆಸರು ಹೇಳಿದರು. ರುಮಟಾಯ್ಡ್ ಆರ್ಥ್ರೈಟಿಸ್. ಆಮೇಲೆ ನಿಧಾನವಾಗಿ ವಿವರಿಸಿದರು. "ನೋಡಮ್ಮ, ನಿಮ್ಮ ರೋಗನಿರೋಧಕ ಶಕ್ತಿ ನಿಮ್ಮ ಕೀಲುಗಳ ಮೇಲೇ ತಿರುಗಿಬಿದ್ದಿದೆ. ಅದನ್ನ ಸ್ವಲ್ಪ ತಗ್ಗಿಸಬೇಕು."

ಅವ್ವ ಅಲ್ಲಿ ಏನೂ ಮಾತಾಡಲಿಲ್ಲ. ಬಸ್ಸು ಕುಶಾಲನಗರ ದಾಟಿದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು. "ಇರೋ ಶಕ್ತಿನೂ ಕಳೀಬೇಕಾ? ಹಂಗಾದ್ರೆ ಇಷ್ಟು ವರ್ಷ ನಿಮಗೆಲ್ಲಾ ಮದ್ದು ಸೊಪ್ಪು ತಿನ್ನಿಸಿದ್ದು ಯಾಕೆ?"

ಕೊಡಗಿನವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಆಗಸ್ಟ್ ಮೊದಲ ವಾರ, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮನೆಮನೆಯಲ್ಲೂ ಮದ್ದು ಸೊಪ್ಪಿನ ಪಾಯಸ. ಸೊಪ್ಪು ಕುದಿಸಿದ ನೀರು ಕಡು ನೇರಳೆಗೆ ತಿರುಗುತ್ತದೆ. ಆ ದಿನ ಅದರಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಅನ್ನುವುದು ಹಿರಿಯರ ನಂಬಿಕೆ. ಮಳೆಗಾಲ ಕಳೆಯುವುದಕ್ಕೆ ಮೈಗೆ ಬಲ ಬೇಕು, ಬಲ ಇದ್ದರೆ ರೋಗ ಬರಲ್ಲ. ಈ ಲೆಕ್ಕದಲ್ಲೇ ನಾವು ಬೆಳೆದವರು. ಕೊರೋನಾ ಬಂದಾಗಲೂ ಇದೇ ಲೆಕ್ಕ. ಊರೆಲ್ಲಾ ಕಷಾಯ, ಅಂಗಡಿ ತುಂಬಾ ಇಮ್ಯೂನಿಟಿ ಹೆಚ್ಚಿಸುವ ಪುಡಿಗಳು. ಆದರೆ 2020ರ ಜೂನ್‌ನಲ್ಲಿ, ಆಮ್ಲಜನಕ ಬೇಕಾಗುವಷ್ಟು ಕಾಯಿಲೆ ಬಿಗಡಾಯಿಸಿದವರ ಜೀವ ಉಳಿಸುತ್ತದೆ ಅಂತ ಮೊದಲು ಸಾಬೀತಾದ ಔಷಧ ಯಾವುದು? ಡೆಕ್ಸಾಮೆಥಾಸೋನ್. ಅದು ಹಳೆಯ, ಅಗ್ಗದ ಸ್ಟೀರಾಯ್ಡ್. ಅದರ ಕೆಲಸ ರೋಗನಿರೋಧಕ ವ್ಯವಸ್ಥೆಯನ್ನು ತಣ್ಣಗೆ ಮಾಡುವುದು. ಅಂಥವರ ಶ್ವಾಸಕೋಶವನ್ನು ಹಾಳು ಮಾಡುತ್ತಿದ್ದದ್ದು ವೈರಸ್ ಒಂದೇ ಅಲ್ಲ, ಅದರ ಮೇಲೆ ಹತೋಟಿ ಇಲ್ಲದೆ ಹಾರಿದ ಅವರದೇ ರಕ್ಷಣೆ.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ರೋಗನಿರೋಧಕ ಶಕ್ತಿಯನ್ನು ಸೈನ್ಯಕ್ಕೆ ಹೋಲಿಸಿ ಪಾಠ ಮಾಡುವುದು ನಮ್ಮ ರೂಢಿ. ಫೌಜಿಗೆ ಹೋದವರು ಊರೂರಲ್ಲೂ ಇರುವ ಜಿಲ್ಲೆ ನಮ್ಮದು, ಮಕ್ಕಳಿಗೆ ಆ ಹೋಲಿಕೆ ಬೇಗ ತಲೆಗೆ ಹೋಗುತ್ತದೆ. ಅವ್ವನ ಪ್ರಶ್ನೆಗೆ ಮಾತ್ರ ಆ ಪಾಠದಲ್ಲಿ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು, ಹೊಡೆಯುವ ಕೋಶಗಳನ್ನು ತಡೆಯುವುದಕ್ಕೆಂದೇ ಇರುವ ಇನ್ನೊಂದು ಬಗೆಯ ಕೋಶಗಳ ಕಥೆ.

ಎದೆ ಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ಟಿ ಕೋಶಗಳು ಅನ್ನುವ ಒಂದು ಬಗೆಯ ರಕ್ಷಣಾ ಬಿಳಿ ರಕ್ತಕಣಗಳು ಬಲಿಯುವುದು ಅಲ್ಲಿ. 1969ರಲ್ಲಿ ಜಪಾನಿನ ನಿಶಿಜುಕಾ ಮತ್ತು ಸಕಾಕುರಾ ಹುಟ್ಟಿ ಮೂರು ದಿನವಾದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಟಿ ಕೋಶ ಕಮ್ಮಿಯಾದರೆ ರಕ್ಷಣೆ ಕುಗ್ಗಬೇಕು, ಅಲ್ವಾ? ಆದದ್ದು ಬೇರೆಯೇ. ಹೆಣ್ಣು ಮರಿಗಳ ಅಂಡಾಶಯ ಸೊರಗಿಹೋಯಿತು. ಅದನ್ನು ಹಾಳು ಮಾಡಿದ್ದು ಅವುಗಳದೇ ರಕ್ಷಣಾ ಕೋಶಗಳು ಅಂತ ಆಮೇಲೆ ತಿಳಿಯಿತು. ಅಂದರೆ ಮೂರನೇ ದಿನದ ನಂತರ ಥೈಮಸ್‌ನಿಂದ ಹೊರಗೆ ಬರಬೇಕಿದ್ದ ಏನೋ ಒಂದು ಬರಲಿಲ್ಲ. ಆ ಏನೋ ಒಂದಕ್ಕೆ ಮಿಕ್ಕವನ್ನು ಸುಮ್ಮನಿರಿಸುವ ಕೆಲಸ ಇತ್ತು.

ಅದೇ ಸುಮಾರಿಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಗರ್ಶನ್ ಮತ್ತು ಕೊಂಡೊ ಕೂಡ ಇಂಥ ತಡೆಯುವ ಟಿ ಕೋಶಗಳಿವೆ ಅಂತ ತೋರಿಸಿದ್ದರು. ಅವಕ್ಕೆ ಸಪ್ರೆಸರ್ ಕೋಶ ಅಂತ ಹೆಸರು ಬಂತು. ಎಪ್ಪತ್ತರ ದಶಕದಲ್ಲಿ ಎಲ್ಲೆಲ್ಲೂ ಅದೇ ಮಾತು. ಪ್ರಬಂಧದ ಮೇಲೆ ಪ್ರಬಂಧ. ಆ ಕೋಶಗಳ ಗುರುತು ಅಂತ ಐ-ಜೆ ಅನ್ನುವ ಒಂದು ಅಂಶವನ್ನೂ ಹೇಳಿದರು. ಎಂಬತ್ತರ ದಶಕದ ಶುರುವಿನಲ್ಲಿ ಜೀನ್ ಓದುವ ವಿಧಾನ ಬಂದಾಗ, ಐ-ಜೆ ಇರಬೇಕಾದ ಜಾಗವನ್ನು ಬಿಡಿಸಿ ನೋಡಿದರು. ಅಲ್ಲಿ ಅಂಥ ಜೀನ್ ಇರಲೇ ಇಲ್ಲ. ಇಡೀ ಕ್ಷೇತ್ರದ ಮರ್ಯಾದೆ ಹೋಯಿತು. ಸಪ್ರೆಸರ್ ಅನ್ನುವ ಪದವನ್ನೇ ಜನ ಬಾಯಲ್ಲಿ ಆಡದಾದರು. ಗರ್ಶನ್ 1983ರಲ್ಲಿ ತೀರಿಕೊಂಡರು. ಅವರ ಮೂಲ ಊಹೆ ಸರಿ ಇತ್ತು. ಗುರುತು ತಪ್ಪಿತ್ತು, ಅಷ್ಟೇ. ಆ ಊಹೆ ಗೆದ್ದದ್ದನ್ನು ನೋಡಲು ಅವರು ಇರಲಿಲ್ಲ ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಎಲ್ಲರೂ ಕೈಬಿಟ್ಟದ್ದನ್ನು ಹಿಡಿದುಕೊಂಡವರು ಜಪಾನಿನ ಸಂಶೋಧಕ ಶಿಮೋನ್ ಸಕಾಗುಚಿ. ಥೈಮಸ್ ಕಳೆದುಕೊಂಡ ಆ ಇಲಿಗಳಿಂದಲೇ ಅವರು ಶುರು ಮಾಡಿದ್ದರು. ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಕೊಟ್ಟರೆ ಅವುಗಳ ಕಾಯಿಲೆ ತಡೆಯಬಹುದು ಅಂತ ಕಂಡುಕೊಂಡರು. ಆದರೆ ಯಾವ ಟಿ ಕೋಶ? ಗುರುತು ಹಿಡಿಯುವುದಕ್ಕೆ ಹತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. 1995ರಲ್ಲಿ ಉತ್ತರ ಪ್ರಕಟವಾಯಿತು. ಮೈಮೇಲೆ ಸಿಡಿ25 ಅನ್ನುವ ಪ್ರೋಟೀನ್ ಹೊತ್ತ ಒಂದು ಸಣ್ಣ ಗುಂಪು. ಆ ಗುಂಪನ್ನು ಸೋಸಿ ತೆಗೆದು ಉಳಿದ ಕೋಶಗಳನ್ನು, ತಮ್ಮದೇ ಟಿ ಕೋಶ ಇಲ್ಲದ ಇಲಿಗೆ ಕೊಟ್ಟರೆ ಥೈರಾಯ್ಡ್, ಹೊಟ್ಟೆ, ಹೀಗೆ ಒಂದೊಂದೇ ಅಂಗಕ್ಕೆ ಏಟು. ಸೋಸಿದ್ದನ್ನು ಬೇಗ ವಾಪಸ್ ಸೇರಿಸಿದರೆ ಕಾಯಿಲೆಯೇ ಇಲ್ಲ. ಹಳೆಯ ಹೆಸರಿಗೆ ಅಂಟಿದ ಅಪಮಾನ ಬೇಡ ಅಂತಲೋ ಏನೋ, ಇವಕ್ಕೆ ನಿಯಂತ್ರಕ ಟಿ ಕೋಶ ಅನ್ನುವ ಹೆಸರು ನಿಂತಿತು. ನಾನು ಮನೆಯಲ್ಲಿ ತಡೆ ಕೋಶ ಅನ್ನುತ್ತೇನೆ. ಅವ್ವನಿಗೆ ಅದೇ ಅರ್ಥವಾಗುವುದು.

ಇನ್ನೊಂದು ಎಳೆ ಅಮೆರಿಕದ ಓಕ್ ರಿಡ್ಜ್‌ನದು. 1940ರ ದಶಕದಲ್ಲಿ, ವಿಕಿರಣದ ಪರಿಣಾಮ ನೋಡುವ ಪ್ರಯೋಗಾಲಯದಲ್ಲಿ, ಕೆಲವು ಗಂಡು ಇಲಿಮರಿಗಳು ಹೊಟ್ಟು ಏಳುವ ಚರ್ಮದೊಂದಿಗೆ ಹುಟ್ಟಿದವು. ಕೆಲವೇ ವಾರ ಬದುಕುತ್ತಿದ್ದವು. ಹೆಣ್ಣು ಇಲಿಗಳಲ್ಲಿ ದೋಷ ಇದ್ದರೂ ಕಾಯಿಲೆ ಇಲ್ಲ, ಯಾಕೆಂದರೆ ಅವಕ್ಕೆ ಎರಡು ಎಕ್ಸ್ ಕ್ರೋಮೋಸೋಮ್, ಒಂದರಲ್ಲಿ ದೋಷ ಇದ್ದರೆ ಇನ್ನೊಂದು ಕೆಲಸ ನಡೆಸುತ್ತದೆ. ಅರ್ಧ ಶತಮಾನದ ನಂತರ ಮೇರಿ ಬ್ರಂಕೋ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ ಆ ದೋಷವನ್ನು ಹುಡುಕಿದರು. ಸುಮಾರು ಐದು ಲಕ್ಷ ಅಕ್ಷರಗಳಷ್ಟು ಉದ್ದದ ಡಿಎನ್‌ಎ ಚೂರಿಗೆ ಬಂದು ನಿಂತರು. ಅದರಲ್ಲಿ ಇಪ್ಪತ್ತು ಜೀನ್. ಒಂದೊಂದಾಗಿ ನೋಡಿದರು. ಸಿಕ್ಕಿದ್ದು ಇಪ್ಪತ್ತನೆಯದರಲ್ಲಿ, ಕೊನೆಯದರಲ್ಲಿ. ಅದಕ್ಕೆ ಫಾಕ್ಸ್‌ಪಿ3 ಅಂತ ಹೆಸರಿಟ್ಟರು. ಇದೇ ಜೀನ್ ಕೆಟ್ಟಿರುವ ಗಂಡು ಮಕ್ಕಳೂ ಇದ್ದಾರೆ ಅಂತ 2001ರಲ್ಲೇ ತಿಳಿಯಿತು. ಐಪೆಕ್ಸ್ ಅನ್ನುವ ಅಪರೂಪದ ಕಾಯಿಲೆ. ಎಳೆ ಕೂಸಿಗೇ ನಿಲ್ಲದ ಭೇದಿ, ಸಕ್ಕರೆ ಕಾಯಿಲೆ, ಮೈತುಂಬಾ ಇಸುಬು. ಎರಡು ವರ್ಷದ ನಂತರ ಎರಡೂ ಎಳೆ ಸೇರಿದವು. ಫಾಕ್ಸ್‌ಪಿ3 ಇಲ್ಲದೆ ಸಕಾಗುಚಿಯವರ ಕೋಶಗಳು ತಯಾರಾಗುವುದೇ ಇಲ್ಲ.

2025ರ ಅಕ್ಟೋಬರ್ 6ರಂದು ಈ ಮೂವರಿಗೆ ವೈದ್ಯಶಾಸ್ತ್ರದ ನೊಬೆಲ್ ಅಂತ ಸುದ್ದಿ ಬಂದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ. ಮಧ್ಯಾಹ್ನ ಮೂರು ಗಂಟೆ. ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದವರಿಗೆ ಯಾಕೆ ಅಂತ ಹೇಳುವುದು ಕಷ್ಟವಾಯಿತು.

ಈ ಕೋಶಗಳು ತಡೆಯುವುದು ಹೇಗೆ? ನನಗೆ ತುಂಬಾ ಇಷ್ಟವಾದ ಭಾಗ ಇದು. ರಕ್ತದಲ್ಲಿರುವ, ಸಿಡಿ4 ಅನ್ನುವ ಗುರುತಿನ ಟಿ ಕೋಶಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮಾತ್ರ ಇವು. ಇಷ್ಟು ಕಮ್ಮಿ ಇದ್ದು ಅಷ್ಟನ್ನು ಹಿಡಿದಿಡಬೇಕಾದರೆ ಬರೀ ಬಲದಿಂದ ಆಗುವ ಕೆಲಸ ಅಲ್ಲ.

ಟಿ ಕೋಶ ತಾನಾಗಿ ಕೆರಳುವುದಿಲ್ಲ. ಡೆಂಡ್ರಿಟಿಕ್ ಕೋಶ ಅನ್ನುವ ಒಂದು ಕಾವಲು ಕೋಶ ರೋಗಾಣುವಿನ ಚೂರನ್ನು ತಂದು ತೋರಿಸಬೇಕು. ತೋರಿಸಿದರಷ್ಟೇ ಸಾಲದು. ಹೌದು, ಇದು ಅಪಾಯವೇ ಅಂತ ಎರಡನೇ ಸನ್ನೆ ಕೊಡಬೇಕು. ಆ ಸನ್ನೆ ಅಂದರೆ ಅದರ ಮೈಮೇಲಿನ ಸಿಡಿ80, ಸಿಡಿ86 ಅನ್ನುವ ಪ್ರೋಟೀನ್‌ಗಳು. ತಡೆ ಕೋಶದ ಮೈಮೇಲೆ ಸಿಟಿಎಲ್ಎ-4 ಅನ್ನುವ ಒಂದು ಕೊಕ್ಕೆ ಇದೆ. ತಡೆ ಕೋಶ ಕಾವಲು ಕೋಶದ ಹತ್ತಿರ ಹೋಗಿ, ಆ ಸನ್ನೆಯ ಪ್ರೋಟೀನ್‌ಗಳನ್ನು ಕೊಕ್ಕೆಯಿಂದ ಹಿಡಿದು ಕಿತ್ತು ತಾನೇ ನುಂಗಿಬಿಡುತ್ತದೆ. ಕಾವಲು ಕೋಶ ಚೂರನ್ನು ತೋರಿಸುತ್ತಲೇ ಇರುತ್ತದೆ, ಆದರೆ ಸನ್ನೆ ಇಲ್ಲ. ಎದುರಿನ ಟಿ ಕೋಶ ಸುಮ್ನೆ ಉಳಿಯುತ್ತದೆ. ಯಾರನ್ನೂ ಕೊಲ್ಲಲಿಲ್ಲ. ಗಲಾಟೆ ಶುರುವಾಗುವ ಮೊದಲೇ ಅದರ ಕಿಡಿ ಆರಿಸಿತು.

ಇನ್ನೊಂದು ದಾರಿ ಊಟದ್ದು. ಕೆರಳಿದ ಟಿ ಕೋಶಗಳಿಗೆ ಸಂಖ್ಯೆ ಹೆಚ್ಚಿಸಿಕೊಳ್ಳಲು ಇಂಟರ್‌ಲ್ಯೂಕಿನ್-2 ಅನ್ನುವ ಪ್ರೋಟೀನ್ ಬೇಕು. ಸಿಡಿ25 ಅಂದರೆ ಅದನ್ನೇ ಬಿಗಿಯಾಗಿ ಹಿಡಿಯುವ ಬಾಯಿ. ತಡೆ ಕೋಶಗಳಲ್ಲಿ ಆ ಬಾಯಿ ಜಾಸ್ತಿ ಇರುವುದರಿಂದ ಸುತ್ತಲಿನ ಇಂಟರ್‌ಲ್ಯೂಕಿನ್-2 ಎಲ್ಲಾ ಅವೇ ಹೀರಿಕೊಳ್ಳುತ್ತವೆ. ಸಕಾಗುಚಿ ಬರೀ ಗುರುತು ಅಂತ ಹಿಡಿದಿದ್ದು ಕೆಲಸದ ಕೈಯೇ ಆಗಿತ್ತು! ಇವಲ್ಲದೆ ಇಂಟರ್‌ಲ್ಯೂಕಿನ್-10, ಟಿಜಿಎಫ್-ಬೀಟಾ ಥರದ ತಣಿಸುವ ರಸಗಳನ್ನೂ ಇವು ಬಿಡುತ್ತವೆ.

ಇದನ್ನೆಲ್ಲಾ ಅವ್ವನಿಗೆ ಹೇಳುವುದು ಹೇಗೆ ಅಂತ ಯೋಚಿಸುತ್ತಿದ್ದೆ. ಹೇಳಿದ್ದು ತೋಟದಲ್ಲಿ. ಮರಗಸಿಯ ದಿನ.

ನಮ್ಮದು ಸಣ್ಣ ಅರೇಬಿಕಾ ತೋಟ. ಹಲಸು, ನಂದಿ, ಅತ್ತಿ, ಸಿಲ್ವರ್ ಓಕ್ ನೆರಳು. ಮಳೆ ಹಿಡಿಯುವ ಮೊದಲು ಕೊಂಬೆ ಕಡಿದು ನೆರಳು ಸರಿ ಮಾಡಬೇಕು, ಅದೇ ಮರಗಸಿ. ಮರ ಹತ್ತಿದವರಿಗೆ ಕೆಳಗೆ ನಿಂತು ಹೇಳುವುದು ಅವ್ವನ ಕೆಲಸ. ನಲವತ್ತು ವರ್ಷದಿಂದ ಅವಳೇ. ನೆರಳು ಕಾಫಿ ಗಿಡಕ್ಕೆ ಬಿಸಿಲು ಕೊಡದೆ ಹಿಡಿದಿಡುತ್ತದೆ. ಮೇಲ್ನೋಟಕ್ಕೆ ಅಡ್ಡಿ. ಆದರೆ ನೆರಳು ತೀರಾ ತೆಗೆದರೆ ಏನಾಗುತ್ತದೆ ಅಂತ ಅವ್ವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲ ವರ್ಷ ಗಿಡ ಕೈಗೆ ಸಿಗದಷ್ಟು ಕಾಯಿ ಬಿಡುತ್ತದೆ. ಆಮೇಲೆ ಆ ಭಾರಕ್ಕೆ ಕೊಂಬೆಗಳು ತುದಿಯಿಂದ ಒಣಗುತ್ತಾ ಬರುತ್ತವೆ. ಬಿಸಿಲು ಬಿದ್ದ ಕಾಂಡಕ್ಕೆ ಬಿಳಿ ಕಾಂಡಕೊರಕ ಬರುತ್ತದೆ. ನೆರಳು ಅತಿಯಾದರೆ ಅದೂ ಕಷ್ಟ. ಹೂ ಕಮ್ಮಿ. ಜುಲೈ ಮಳೆಯಲ್ಲಿ ಕೊಳೆರೋಗ.

"ಅವ್ವ, ನಿನ್ನ ಮೈಯಲ್ಲೂ ಇಂಥ ನೆರಳು ಮರಗಳಿವೆ. ಕೀಲಿನ ಹತ್ರ ನೆರಳು ಸೋತಿದೆ. ಅದಕ್ಕೇ ಉರಿ" ಅಂದೆ.

ಅವ್ವ ಮೇಲೆ ನೋಡುತ್ತಲೇ ಇದ್ದಳು. "ಮರ ಇಲ್ವಾ, ಮರ ಇದ್ದೂ ಎಲೆ ಉದುರಿದೆಯಾ?" ಅಂದಳು.

ಸಂಶೋಧಕರು ವರ್ಷಗಟ್ಟಲೆ ಕೇಳಿಕೊಂಡ ಪ್ರಶ್ನೆ ಅದು. ರುಮಟಾಯ್ಡ್ ಕೀಲಿನ ನೀರನ್ನು ತೆಗೆದು ನೋಡಿದರೆ ತಡೆ ಕೋಶಗಳು ಅಲ್ಲಿ ಇರುತ್ತವೆ. ಬೇಕಾದಷ್ಟು ಇರುತ್ತವೆ. ಆದರೆ ಆ ಉರಿಯೂತದ ನಡುವೆ ಅವುಗಳ ಕೈ ಕಟ್ಟಿಹೋಗಿರುತ್ತದೆ. ಟಿಎನ್ಎಫ್ ಅನ್ನುವ ಉರಿಸುವ ರಸ ಅವನ್ನು ಮಂಕು ಮಾಡುತ್ತದೆ. ಹೊಡೆಯುವ ಕೋಶಗಳೂ ಅವುಗಳ ಮಾತು ಕೇಳದ ಹಾಗೆ ಗಟ್ಟಿಯಾಗಿರುತ್ತವೆ. ಮರ ಇದೆ, ಎಲೆ ಉದುರಿದೆ. ಅವ್ವ ಕೇಳಿದ್ದೇ ಸರಿ.

ಆ ದಿನದಿಂದ ಅವಳಿಗೆ ಶಕ್ತಿ ಕಳೆಯುವುದು ಅನ್ನುವ ಭಯ ಕಮ್ಮಿಯಾಯಿತು. ಮಾತ್ರೆ ನುಂಗುವುದಕ್ಕೆ ಒಪ್ಪಿದಳು. ಅವಳಿಗೆ ಕೊಟ್ಟಿರುವುದು ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ಇದನ್ನು ಮರೆತು ದಿನಾ ತಗೊಂಡರೆ ಜೀವಕ್ಕೇ ಅಪಾಯ. ಹಾಗಾಗಿ ಸೋಮವಾರ ಅಂತ ಗೊತ್ತು ಮಾಡಿದೆವು. ಸೋಮವಾರಪೇಟೆಯಲ್ಲಿ ಸೋಮವಾರ ಸಂತೆ, ಯಾರಿಗೂ ಮರೆಯಲ್ಲ. ಅವ್ವ ಅದಕ್ಕೆ ಸಂತೆ ಮಾತ್ರೆ ಅಂತಲೇ ಹೆಸರಿಟ್ಟಿದ್ದಾಳೆ. ಅದು ತಡೆ ಕೋಶದಷ್ಟು ಜಾಣ ಔಷಧ ಅಲ್ಲ. ಒಟ್ಟಾರೆ ಉರಿಯನ್ನು ಇಳಿಸುತ್ತದೆ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಬೇಕು, ಜ್ವರ ಬಂದರೆ ಎಚ್ಚರ ಬೇಕು.

ಇನ್ನೂ ಜಾಣ ಔಷಧಗಳಿವೆ. ಅಬಾಟಸೆಪ್ಟ್ ಅನ್ನುವುದು ಅಮೆರಿಕದಲ್ಲಿ 2005ರಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಒಪ್ಪಿಗೆ ಪಡೆಯಿತು. ಅದು ಏನು ಗೊತ್ತಾ? ಮೇಲೆ ಹೇಳಿದ ಸಿಟಿಎಲ್ಎ-4 ಕೊಕ್ಕೆಯನ್ನೇ ಪ್ರತಿಕಾಯದ ಒಂದು ತುಂಡಿಗೆ ಜೋಡಿಸಿದ ಔಷಧ. ಕಾವಲು ಕೋಶದ ಸನ್ನೆಯನ್ನು ಮುಚ್ಚಿಬಿಡುತ್ತದೆ. ತಡೆ ಕೋಶದ ಕೈಯನ್ನೇ ಎರವಲು ತಂದ ಹಾಗೆ.

ಅದೇ ಕೊಕ್ಕೆಯ ಬಗ್ಗೆ ಇನ್ನೊಂದು ಔಷಧ ಇದೆ, ಪೂರಾ ಉಲ್ಟಾ. ಇಪಿಲಿಮುಮಾಬ್, 2011ರಲ್ಲಿ ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್‌ಗೆ ಬಂತು. ಅದು ಸಿಟಿಎಲ್ಎ-4 ಕೆಲಸ ಮಾಡದ ಹಾಗೆ ಅದಕ್ಕೇ ಅಂಟಿಕೊಳ್ಳುತ್ತದೆ. ಈ ದಾರಿ ತೋರಿಸಿದ ಜೇಮ್ಸ್ ಆಲಿಸನ್ ಅವರಿಗೆ 2018ರಲ್ಲಿ ತಸುಕು ಹೊಂಜೊ ಜೊತೆ ನೊಬೆಲ್ ಬಂತು. ಯಾಕೆ ಹೀಗೆ? ಕ್ಯಾನ್ಸರ್ ಗಡ್ಡೆ ತನ್ನ ಸುತ್ತ ತಡೆ ಕೋಶಗಳನ್ನು ಕರೆದು ಕೂಡಿಸಿಕೊಳ್ಳುತ್ತದೆ. ಹೊಡೆಯಬೇಕಾದ ಕೋಶಗಳು ಹತ್ತಿರ ಬಂದರೂ ಕೈ ಎತ್ತುವುದಿಲ್ಲ. ಗಡ್ಡೆಯ ಬಳಿ ಇನ್ನೊಂದು ಜಾತಿಯ ತಡೆ ಕೋಶಗಳೂ ಸೇರುತ್ತವೆ. ಅವು ಟಿ ಕೋಶಗಳಲ್ಲ, ಮೂಳೆಮಜ್ಜೆಯಿಂದ ಪೂರ್ತಿ ಬಲಿಯದೆ ಬಂದ ಮೈಲಾಯ್ಡ್ ಕೋಶಗಳು. ಟಿ ಕೋಶಕ್ಕೆ ಬೇಕಾದ ಆರ್ಜಿನೈನ್ ಅನ್ನುವ ಪೋಷಕವನ್ನು ಅವು ಮುಗಿಸಿಬಿಡುತ್ತವೆ. ಅಂಡಾಶಯದ ಕ್ಯಾನ್ಸರ್‌ನಲ್ಲಿ ಗಡ್ಡೆಯೊಳಗೆ ತಡೆ ಟಿ ಕೋಶಗಳು ಹೆಚ್ಚಿದ್ದವರು ಕಮ್ಮಿ ಕಾಲ ಬದುಕಿದ್ದನ್ನು 2004ರಲ್ಲೇ ಗಮನಿಸಿದ್ದಾರೆ. ನೆರಳು ದಟ್ಟವಾದಲ್ಲಿ ಕೊಳೆರೋಗ.

ಇಪಿಲಿಮುಮಾಬ್ ತಗೊಂಡ ಕೆಲವರಿಗೆ ಏನಾಗುತ್ತದೆ ಅಂತ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತೆ. ಜೋರು ಭೇದಿ, ಕರುಳಿನ ಹುಣ್ಣು. ಚರ್ಮದ ತುರಿಕೆ. ಹಾರ್ಮೋನ್ ಗ್ರಂಥಿಗಳಿಗೆ ಏಟು. ತಡೆ ಕೋಶ ಇಲ್ಲದೆ ಹುಟ್ಟಿದ ಆ ಕೂಸುಗಳ ಕಾಯಿಲೆಯೂ ಕರುಳು, ಚರ್ಮ, ಗ್ರಂಥಿಗಳದೇ ಅಲ್ವಾ? ಅಷ್ಟು ದೂರದ ಎರಡು ಸಂಗತಿ ಒಂದೇ ಕಡೆ ಬಂದು ಸೇರಿದವು. ಕರುಳು ಕೋಟ್ಯಂತರ ಬ್ಯಾಕ್ಟೀರಿಯಾಗಳ ಜೊತೆ ದಿನಾ ಬಾಳುವ ಜಾಗ. ಅಲ್ಲಿ ಸುಮ್ಮನಿರಿಸುವವರು ಒಂದು ಗಳಿಗೆ ಇಲ್ಲದಿದ್ದರೂ ನಡೆಯುವುದಿಲ್ಲ. ಆ ಬ್ಯಾಕ್ಟೀರಿಯಾಗಳಲ್ಲೇ ಕೆಲವು, ನಾರಿನ ಅಂಶವನ್ನು ಹುಳಿಸಿ ಮಾಡುವ ಬ್ಯುಟಿರೇಟ್‌ನಿಂದ, ತಡೆ ಕೋಶಗಳು ಹೆಚ್ಚುವುದಕ್ಕೆ ನೆರವಾಗುತ್ತವೆ.

ಇನ್ನೊಂದು ಪ್ರಯೋಗ ಹೇಳಲೇಬೇಕು. ಲೀಶ್ಮೇನಿಯಾ ಅನ್ನುವ ಪರೋಪಜೀವಿ ಹತ್ತಿದ ಇಲಿ ವಾಸಿಯಾದ ಮೇಲೂ ಚರ್ಮದಲ್ಲಿ ಆ ಜೀವಿ ಸ್ವಲ್ಪ ಉಳಿದಿರುತ್ತದೆ. ಅದನ್ನು ಪೂರ್ತಿ ಹೊಡೆಯದ ಹಾಗೆ ತಡೆಯುವುದು ಇವೇ ಕೋಶಗಳು. 2002ರಲ್ಲಿ ಪ್ರಕಟವಾದ ಕೆಲಸದಲ್ಲಿ ಆ ತಡೆ ತೆಗೆದರು. ಇಲಿಯ ಮೈ ಪೂರಾ ಚೊಕ್ಕಟವಾಯಿತು. ಗೆದ್ದೆವು ಅನ್ನಬೇಕು. ಆದರೆ ಅದೇ ಪರೋಪಜೀವಿಯನ್ನು ಮತ್ತೆ ಹತ್ತಿಸಿದಾಗ ಮೊದಲಿನ ರಕ್ಷಣೆ ಇರಲಿಲ್ಲ. ಉಳಿದಿದ್ದ ಆ ಸ್ವಲ್ಪವೇ ನೆನಪನ್ನು ಜೀವಂತ ಇಟ್ಟಿತ್ತು. ಇದನ್ನು ಓದಿದ ಮೇಲೆ ಪೂರ್ತಿ ಗೆಲುವು ಅನ್ನುವ ಮಾತನ್ನು ನಾನು ಪಾಠದಲ್ಲಿ ಬಳಸುತ್ತಿಲ್ಲ.

ಈಗ ತರಗತಿಯಲ್ಲಿ ಈ ಅಧ್ಯಾಯಕ್ಕೆ ಬಂದಾಗ ಸೈನ್ಯದ ಹೋಲಿಕೆ ಅರ್ಧಕ್ಕೆ ನಿಲ್ಲಿಸಿ ಮಕ್ಕಳಿಗೆ ಮರಗಸಿ ಬಗ್ಗೆ ಕೇಳುತ್ತೇನೆ. ತೋಟದ ಲೈನ್ ಮನೆಯಿಂದ ಬರುವ ಮಕ್ಕಳು ಮೊದಲು ಕೈ ಎತ್ತುತ್ತಾರೆ. ಅವರ ಅಪ್ಪಂದಿರು ಹಗ್ಗ ಕಟ್ಟಿಕೊಂಡು ಮರ ಹತ್ತುವವರು. ಎಷ್ಟು ಕಡಿಯಬೇಕು, ಎಲ್ಲಿ ಬಿಡಬೇಕು ಅಂತ ಆ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಹೋದ ಸಲ ಒಬ್ಬ ಹುಡುಗಿ ಎದ್ದು, "ಸರ್, ಬಿಸಿಲು ಚುಕ್ಕೆ ಚುಕ್ಕೆಯಾಗಿ ಗಿಡದ ಮೇಲೆ ಬೀಳಬೇಕು ಅಂತಾರೆ ನಮ್ಮಪ್ಪ" ಅಂದಳು. ಅದನ್ನು ಬೋರ್ಡಿನ ಮೇಲೆ ಬರೆದೆ.

ಕಕ್ಕಡ ಹದಿನೆಂಟಕ್ಕೆ ಅವ್ವ ಈಗಲೂ ಪಾಯಸ ಮಾಡಿಸುತ್ತಾಳೆ. ಡಾಕ್ಟರನ್ನು ಕೇಳಿಯೇ ತಾನೂ ಎರಡು ಚಮಚ ತಿನ್ನುತ್ತಾಳೆ. ಅದು ಹಬ್ಬ, ಬಿಡುವುದಕ್ಕಾಗಲ್ಲ. ಬೆರಳು ಮೊದಲಿನ ಹಾಗೆ ಪೂರ್ತಿ ಆಗಿಲ್ಲ. ಬಲಗೈಯ ಎರಡು ಗೆಣ್ಣು ಸೊಟ್ಟಗಾಗಿವೆ. ಆ ಆರು ತಿಂಗಳ ಗುರುತು ಅದು. ಚಳಿಗಾಲದ ಒಂದು ಬೆಳಗ್ಗೆ ನನಗೆ ಎಚ್ಚರವಾದಾಗ ಒಳಗಿನಿಂದ ತಟ್ಟುವ ಸದ್ದು ಕೇಳಿಸಿತು. ನಿಧಾನದ ಸದ್ದು, ಮಧ್ಯೆ ಮಧ್ಯೆ ನಿಲ್ಲುತ್ತಿತ್ತು. ಎದ್ದು ಹೋಗಿ ನೋಡಿದೆ. ಬಾಳೆ ಎಲೆಯ ಮೇಲೆ ಮೂರು ರೊಟ್ಟಿ. ದಪ್ಪ, ಅಂಚು ಒಡೆದಿದೆ. "ಇವತ್ತು ಇಷ್ಟೇ" ಅಂದಳು ಅವ್ವ. "ಉಳಿದಿದ್ದು ನೀನು ತಟ್ಟು. ಆಮೇಲೆ ಕೆಳಗಿನ ತಾಕಿಗೆ ಹೋಗೋಣ. ಆ ಹಲಸಿನ ಮರದ ಯಾವ ಕೊಂಬೆ ಬಿಡಬೇಕು ಅಂತ ಸುಣ್ಣದಲ್ಲಿ ಗುರುತು ಹಾಕಿಕೊಡ್ತೀನಿ."